ಎಂಜಿನಿಗೆ ಶ್ರುತಿ ಕೂಡಿಸಿದುದು

ಕಮ್ಮಾರನ ಕುಲುಮೆಯ ಮುಂದೆ ಕುಳಿತವರಿಗೆಲ್ಲ ತಿಳಿದ ಸಂಗತಿಯೊಂದುಂಟು. ತಿದಿಯನ್ನು ಜೋರಾಗಿ ಒತ್ತಿದಷ್ಟೂ ಇದ್ದಿಲು ಬೇಗ ಉರಿದುಹೋಗುವುದು. ಗಾಳಿಯನ್ನು ಹೆಚ್ಚಿಸಿದವನು ಇದ್ದಿಲನ್ನೂ ಹೆಚ್ಚಿಸಬೇಕು. ಕಾದ ಕಬ್ಬಿಣವನ್ನು ಹೊರಕ್ಕೆ ತೆಗೆಯುವ ಹೊತ್ತನ್ನೂ ಬದಲಿಸಿಕೊಳ್ಳಬೇಕು. ಇಲ್ಲವಾದರೆ ಕುಡುಗೋಲಾಗಬೇಕಾದ ಕಬ್ಬಿಣವು ಸುಟ್ಟು ಕೆಡುವುದು. ಈ ಸಣ್ಣ ಸಂಗತಿಯ ವಿಸ್ತಾರವನ್ನು ಕಳೆದ ವರ್ಷ ನಾನು ಒಂದು ಜೀಪಿನ ಎಂಜಿನಿನಲ್ಲಿ ಕಂಡೆನು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಶಿಕಾರಿಪುರ ಸೊರಬಗಳ ಶಾಲೆಗಳಲ್ಲಿ ವ್ಯಾಕರಣ ಹೇಳಿ ನಿವೃತ್ತನಾದವನಿಗೆ ಎಂಜಿನಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಅಂಥವರಿಗೆ ನಮ್ಮ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವನ್ನು ತೋರಿಸುತ್ತೇನೆ. ವ್ಯಾಕರಣದ ಪಾಠ, ದೀನರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ಇವು ಮೂರೂ ಆ ಒಂದೇ ಮಠದಲ್ಲಿ ನಡೆಯುತ್ತಿದ್ದುವೆಂದು ಅದರಿಂದ ತಿಳಿಯುವುದು. ನಾಲ್ಕು ಮೈಲಿ ಆಚೆಯ ವಿಷಯವನ್ನು ವಿಚಾರಿಸಿದರೆ ವೈಯಾಕರಣನಿಗೆ ಕುಂದಿಲ್ಲ.

ಸೊರಬದ ಕಡೆಯ ರೈತನಾದ ನನ್ನ ಹಳೆಯ ಶಿಷ್ಯನೊಬ್ಬನು, ಶುಂಠಿಗೆ ಬೆಲೆ ಬಂದ ವರ್ಷ, ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡನು. ಮಳೆಗಾಲದಲ್ಲಿ ಕೆಸರಿನ ಬಯಲುಗಳಲ್ಲಿ ನಡೆಯುವ ಜೀಪು ಸ್ಪರ್ಧೆಗಳಲ್ಲಿ ಅವನಿಗೆ ಆಸಕ್ತಿ. 1,298 ಸಿಸಿಯ ಆ ಎಂಜಿನಿನ ಬಲ ಸಾಲದೆಂದು ಅದಕ್ಕೆ ಸೂಪರ್‌ಚಾರ್ಜರ್ ಎಂಬ ಯಂತ್ರವನ್ನು ಕೂಡಿಸಿದನು. ಶುಂಠಿಯ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಇನ್ನು ಉಳಿದುದು ಮುಂದಿನ ಬಿತ್ತನೆಯ ಬೀಜಕ್ಕೆಂದು ಇಟ್ಟಿದ್ದ ಹಣ ಮಾತ್ರ.

ಸೂಪರ್‌ಚಾರ್ಜರ್ ಎಂದರೆ ಎಂಜಿನಿನ ತಿದಿ. ಸಾಧಾರಣ ಎಂಜಿನು ತಾನೇ ಗಾಳಿಯನ್ನು ಎಳೆದುಕೊಳ್ಳುವುದು. ಇದಾದರೋ ಎಂಜಿನಿನಿಂದಲೇ ಬೆಲ್ಟಿನ ಮೂಲಕ ತಿರುಗಿ, ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವುದು. ಇದರ ಒಂದು ಬಗೆಗೆ ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟು ಪಡೆದರು. ಅಂದು ಅದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ತಿದಿಯ ಹೋಲಿಕೆಯು ಬರಿಯ ಉಪಮೆಯಲ್ಲ. 1921ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಅಂಥ ಯಂತ್ರ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ವಿಮಾನಗಳು ಮೇಲಣ ತೆಳುವಾದ ಗಾಳಿಯಲ್ಲಿ ಬಲಗುಂದದೆ ಹಾರಿದುದೂ ಇದರ ನೆರವಿನಿಂದಲೇ.

ಶಿಷ್ಯನು ಯಂತ್ರವನ್ನು ಕೂಡಿಸಿದನು. ಹೊಂದಾಣಿಕೆಗೆ ಹಣ ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ. ಬೇರೊಂದು ಜೀಪಿಗಾಗಿ ಸಿದ್ಧಪಡಿಸಿದ್ದ ಲೆಕ್ಕದ ಪಟ್ಟಿಯನ್ನು ಸ್ನೇಹಿತನೊಬ್ಬನಿಂದ ಪಡೆದು ತನ್ನ ಎಂಜಿನಿನ ಕಂಪ್ಯೂಟರಿಗೆ ತುಂಬಿದನು. ಗದ್ದೆಯ ಬಯಲಿನಲ್ಲಿ ಓಡಿಸಿ ತೋರಿಸಲು ನನ್ನನ್ನೂ ಕರೆದನು. ಏರಿನಲ್ಲಿ ಕಾಲೊತ್ತಿದೊಡನೆ, ತಗಡಿನ ಡಬ್ಬದಲ್ಲಿ ಗೋಲಿಗಳನ್ನು ಕುಲುಕಿದಂಥ ಸದ್ದು ಕೇಳಿಬಂದಿತು. ಇದನ್ನೇ ಬಲ್ಲವರು ‘ನಾಕಿಂಗ್’ ಎನ್ನುವರು. ಕಿಡಿಯಿಂದ ಹೊರಟ ಜ್ವಾಲೆಯು ತಲಪುವ ಮೊದಲೇ, ಮೂಲೆಯಲ್ಲಿ ಉಳಿದ ಅನಿಲವು ಒತ್ತಡಕ್ಕೂ ಕಾವಿಗೂ ತಾನಾಗಿ ಸ್ಫೋಟಿಸಿ ಪಿಸ್ಟನ್ನನ್ನು ಬಡಿಯುವುದು. ಹೀಗೆ ಬಡಿಸಿಕೊಂಡ ಪಿಸ್ಟನ್ನು ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಸುದ್ದಿಯು ಮನೆಗೆ ಮುಟ್ಟಿತು. ಬೀಜದ ಹಣವನ್ನು ಮುಟ್ಟಕೂಡದೆಂದು ಅಣ್ಣ. ಈಗ ಬಿಟ್ಟರೆ ಹಾಕಿದ ಹಣವೂ ಹೋಯಿತೆಂದು ತಮ್ಮ. ಇಬ್ಬರ ನಡುವೆ ಮಾತು ನಿಂತಿತು. ಒಂದು ಸಂಜೆ ಅಣ್ಣನೇ ನನ್ನಲ್ಲಿಗೆ ಬಂದು, “ಮೇಷ್ಟ್ರೇ, ನೀವು ಹೇಳಿದ್ರೆ ಕೇಳ್ತಾನೆ. ಆ ತಿದಿ ಕಿತ್ತು ಮಾರು ಅನ್ನಿ” ಎಂದನು. ನಾನು, “ಖರ್ಚಿನ ಅರ್ಧ ಮಾತ್ರ ಆಗಿದೆಯಪ್ಪ. ಉಳಿದರ್ಧ ಆಗದೆ ಮೊದಲಿನದು ಲಾಭವೋ ನಷ್ಟವೋ ಹೇಗೆ ಹೇಳಲಿ?” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಬೀಜದ ಹಣದಲ್ಲಿ ಒಂದು ಪಾಲನ್ನು ನನ್ನ ಕೈಗೆ ಕೊಟ್ಟು ಹೋದನು. ತಮ್ಮನ ಕೈಗೆ ಕೊಡಲಿಲ್ಲ. ಆ ಕಾರಣದಿಂದ ನಾನೂ ಬೆಂಗಳೂರಿಗೆ ಹೋಗಬೇಕಾಯಿತು.

ಅಲ್ಲಿಯ ಕಾರ್ಖಾನೆಯಲ್ಲಿ ಜೀಪನ್ನು ಉರುಳೆಗಳ ಮೇಲೆ ನಿಲ್ಲಿಸಿ ಪಟ್ಟಿಗಳಿಂದ ಬಿಗಿದರು. ಚಕ್ರಗಳು ತಿರುಗುವುವು, ಜೀಪು ಕದಲದು. ಉರುಳೆಗಳು ಅದರ ಬಲವನ್ನು ಅಳೆಯುವುವು. ಇದನ್ನು ಡೈನೊ ಎನ್ನುವರು. ಹೊಗೆಯ ಕೊಳವೆಯಲ್ಲಿಟ್ಟ ಸಾಧನವೊಂದು ಗಾಳಿ ಪೆಟ್ರೋಲುಗಳ ಪ್ರಮಾಣವನ್ನು ತಿಳಿಸುವುದು. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5 ಸಾಕು. ಒತ್ತಿದ ಗಾಳಿಯಲ್ಲಿ ದುಡಿಯುವಾಗ ಈ ಲೆಕ್ಕಕ್ಕಿಂತಲೂ ಹೆಚ್ಚು ಪೆಟ್ರೋಲು ಕೊಡಬೇಕು. ಹೆಚ್ಚಿನ ಪಾಲು ಆವಿಯಾಗುವಾಗ ಕಾವನ್ನು ಹೀರಿಕೊಳ್ಳುವುದು. ಕಿಡಿ ಹಾರುವ ಗಳಿಗೆಯನ್ನೂ ತುಸು ಹಿಂದಕ್ಕೆ ಸರಿಸಬೇಕು.

ಕೆಲಸ ಮಾಡಿದವನು ಮೂವತ್ತರ ತರುಣ. ಎಂಜಿನಿನ ಮೈಗೆ ಸಣ್ಣ ಮೈಕನ್ನು ಕಟ್ಟಿ, ಅದರ ತಂತಿಯನ್ನು ಕಿವಿಗೆ ಧರಿಸಿ ಕುಳಿತನು. ಪರದೆಯ ಮೇಲೆ ಚೌಕಗಳ ಕೋಷ್ಟಕ. ಎಂಜಿನಿನ ಇಂಥ ವೇಗಕ್ಕೆ, ಇಂಥ ಒತ್ತಡಕ್ಕೆ, ಇಷ್ಟು ಪೆಟ್ರೋಲು ಎಂದು ಒಂದೊಂದು ಚೌಕದಲ್ಲಿಯೂ ಒಂದೊಂದು ಅಂಕಿ. ಕಡಮೆ ವೇಗದಿಂದ ಆರಂಭಿಸಿ ಒಂದೊಂದನ್ನೇ ತಿದ್ದಿದನು. ಬಡಿತದ ಸುಳಿವು ಕಿವಿಗೆ ಬಿದ್ದೊಡನೆ ನಿಲ್ಲಿಸುವನು, ಕಿಡಿಯನ್ನು ಸರಿಸುವನು, ಮತ್ತೆ ಆಲಿಸುವನು. ವೈಣಿಕನು ಬಿರಡೆ ತಿರುಗಿಸುತ್ತ ಕಿವಿಗೊಡುವ ಬಗೆಯೂ ಇದೇ. ಒಂದು ವೀಣೆಯ ಬಿರಡೆಗಳ ನಿಲುವನ್ನು ಕಂಡು ಬರೆದುಕೊಂಡು ಮತ್ತೊಂದಕ್ಕೆ ಶ್ರುತಿ ಮಾಡಲಾದೀತೆ?

ನನಗೆ ಆಯುರ್ವೇದವು ಹೇಳುವ ನಾಲ್ಕು ಬಗೆಯ ಜಠರಾಗ್ನಿ ನೆನಪಾಯಿತು. ಪೆಟ್ರೋಲು ಕಡಮೆಯಾದರೆ ತೀಕ್ಷ್ಣಾಗ್ನಿ, ಪಿಸ್ಟನ್ನು ಸುಡುವುದು. ಮಿತಿಮೀರಿದರೆ ಮಂದಾಗ್ನಿ, ಕರಿಹೊಗೆ ಬರುವುದು. ವೇಗಕ್ಕೊಂದು ಬಗೆಯಾದರೆ ವಿಷಮಾಗ್ನಿ. ಆ ತರುಣನು ದಿನವಿಡೀ ಹುಡುಕಿದುದು ಸಮಾಗ್ನಿಯನ್ನು. ಚರಕದ ಹೆಸರನ್ನು ಅವನು ಎತ್ತಲಿಲ್ಲ; ಕೆಲಸದಲ್ಲಿ ಮಾತ್ರ ವೈದ್ಯನೇ ಆಗಿದ್ದನು.

ಸಂಜೆ ಅವನು ಶಿಷ್ಯನನ್ನು ಕೇಳಿದನು: “ಇನ್ನೂ ಸ್ವಲ್ಪ ಪವರ್ ತೆಗೀಬಹುದು. ಆದ್ರೆ ಕೆಸರಲ್ಲಿ ಇಂಜಿನ್ ಕಾದಾಗ ನಾನು ಗ್ಯಾರಂಟಿ ಅಲ್ಲ. ಅದೂ ಅಲ್ದೆ ಬೆಂಗಳೂರಲ್ಲಿ ಗಾಳಿ ತೆಳು. ನಿಮ್ಮೂರಲ್ಲಿ ಇದಕ್ಕಿಂತ ದಟ್ಟ. ಏನ್ ಮಾಡ್ಲಿ?” ಮಾತು ನಿಜ. ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ; ಸೊರಬ ಅದಕ್ಕಿಂತ ತಗ್ಗಿನಲ್ಲಿದೆ. ಶಿಷ್ಯನು ನನ್ನ ಮುಖ ನೋಡಿದನು. ನಾನು ಬಾಯಿ ತೆರೆಯಲಿಲ್ಲ. ಎಂಜಿನು ಅವನದು, ಬೀಜವೂ ಅವನದು. ಕೊನೆಗೆ ಅವನು, “ಬೇಡ, ಇಷ್ಟಕ್ಕೇ ನಿಲ್ಸಿ” ಎಂದನು. ಶಾಲೆಯಲ್ಲಿ ಅವನು ಕೊಟ್ಟ ಯಾವ ಉತ್ತರದಿಂದಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಮರಳಿದ ಮೇಲೆ ಅದೇ ಏರಿನಲ್ಲಿ ಗೋಲಿಗಳ ಸದ್ದು ಕೇಳಿಬರಲಿಲ್ಲ. ಅಣ್ಣನು ವಿವರವನ್ನೆಲ್ಲ ಕೇಳಿ, “ಅಂದ್ರೆ ದುಡ್ಡು ಕೊಟ್ಟು ಬಲ ಕಮ್ಮಿ ಮಾಡಿಸ್ಕೊಂಡು ಬಂದ್ರಿ” ಎಂದನು. ತಮ್ಮನು ನಕ್ಕನು, ತಿಂಗಳ ಮೇಲೆ ಅಣ್ಣತಮ್ಮಂದಿರು ಒಂದೇ ಜಗಲಿಯಲ್ಲಿ ನಕ್ಕುದು ಅದೇ ಮೊದಲು. ಆ ವರ್ಷ ಶುಂಠಿಯ ಬಿತ್ತನೆ ಸ್ವಲ್ಪ ಕಡಮೆಯಾಯಿತು, ನಿಲ್ಲಲಿಲ್ಲ.

ಈ ಹಾದಿ ಹಿಡಿಯುವ ತರುಣರಿಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಿಸಿದವರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುವುದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದುದರಿಂದ ನನ್ನ ಶಿಷ್ಯನು ಜೀಪನ್ನು ರಸ್ತೆಯಲ್ಲಿ ಓಡಿಸದೆ, ಸ್ಪರ್ಧೆಯ ಬಯಲಿಗೆ ಲಾರಿಯಲ್ಲಿ ಸಾಗಿಸುವನು. ಎರಡನೆಯದು, ತಿದಿಯನ್ನು ಕೊಳ್ಳುವ ದಿನವೇ ಶ್ರುತಿಯ ಹಣವನ್ನು ಬೇರೆಯಾಗಿ ಕಟ್ಟಿಡಬೇಕು. ಅಷ್ಟು ಹಣವಿಲ್ಲದವನು ಇನ್ನೊಂದು ಬೆಳೆಯವರೆಗೆ ಕಾಯುವುದು ಮೇಲು.