ಎರಡು ಹಳೇ ಕಾರು, ಅಕ್ಕನ ಒಂದು ಸರ

ನನ್ನ ಹತ್ತಿರ ಇರೋದು ಹದಿಮೂರು ವರ್ಷದ ಹಳೇ ಬೈಕು. ಒಂದು ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೊಡುವ ಕೆಲಸ ನನ್ನದು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಕಾರಿನ ಪಾಠ ಇರಲಿಲ್ಲ. ಆದರೂ 2024ರ ಜನವರಿಯಲ್ಲಿ ಎರಡು ದಿನ ಬೆಂಗಳೂರಿನಲ್ಲಿ ನಿಂತು, ಬಿಎಂಡಬ್ಲ್ಯು ತಗೋಬೇಕೋ ಆಡಿ ತಗೋಬೇಕೋ ಅಂತ ಹೇಳುವ ಜವಾಬ್ದಾರಿ ನನ್ನ ತಲೆಗೆ ಬಂತು.

ಅದಕ್ಕೆ ಕಾರಣ ಶುಂಠಿ.

ಅಕ್ಕನನ್ನು ಕೊಟ್ಟಿರೋದು ಅರಕಲಗೂಡು ತಾಲೂಕಿನ ಒಂದು ಹಳ್ಳಿಗೆ. ಭಾವ ಸ್ವಂತದ ಎರಡು ಎಕರೆ ಜೊತೆಗೆ ಮೂರು ಎಕರೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕ್ತಾರೆ. ಒಂದು ವರ್ಷ ರೇಟು ಸಾಲದು ಅಂತ ಒಂದೂವರೆ ಎಕರೆ ಕೀಳದೆ ಭೂಮಿಯಲ್ಲೇ ಬಿಟ್ಟಿದ್ದರು. 2023ರ ಮಳೆಗಾಲದಲ್ಲಿ ಹಳೇ ಶುಂಠಿಯ ರೇಟು ನಮ್ಮ ಕಡೆ ಯಾರೂ ಕಂಡಿರದ ಮಟ್ಟಕ್ಕೆ ಹೋಯಿತು. ರೈತರು ರಾತ್ರಿಯೆಲ್ಲ ಶುಂಠಿ ಹೊಲಕ್ಕೆ ಕಾವಲು ಕೂತ ಸುದ್ದಿಯನ್ನು ಆ ವರ್ಷ ನಾನೇ ಬರೆದು ಕಳಿಸಿದ್ದೆ.

ಭಾವ ಸಾಲ ತೀರಿಸಿದರು. ಬಿತ್ತನೆ ಶುಂಠಿಗೆ ಅಂತ ಬ್ಯಾಂಕಿನಲ್ಲಿ ಇಟ್ಟಿದ್ದ ಅಕ್ಕನ ಸರ ಬಿಡಿಸಿದರು. ಮನೆಗೆ ಮೋಲ್ಡ್ ಹಾಕಿಸಿದರು. ಎಲ್ಲ ಆಗಿ ಹದಿನೈದು ಲಕ್ಷ ಉಳಿಯಿತು.

"ಒಂದ್ಸಲ ಒಳ್ಳೇ ಕಾರು ಓಡಿಸ್ಬೇಕು ಕಣೋ" ಅಂದರು.

ನೀವು ನಗಬಹುದು. ನಾನು ನಗಲಿಲ್ಲ. ಭಾವ ಮದುವೆಗೆ ಮುಂಚೆ ಆರು ವರ್ಷ ಬೆಂಗಳೂರಿನಲ್ಲಿ ಡ್ರೈವರ್ ಆಗಿದ್ದವರು. ಸಾಹುಕಾರರೊಬ್ಬರ ಇಂಥದ್ದೇ ಕಾರು ಓಡಿಸ್ತಿದ್ದರು. ಆರು ವರ್ಷವೂ ಹಿಂದಿನ ಸೀಟಿನವರು ಹೇಳಿದ ಕಡೆಗೇ ಸ್ಟೇರಿಂಗ್ ತಿರುಗಿಸಿದ್ದು. ಊಟ ಮಾತ್ರ ಹೊರಗೆ, ಪಾರ್ಕಿಂಗ್ ಜಾಗದಲ್ಲಿ. ಆ ಆಸೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಹೊರಡುವ ಹಿಂದಿನ ರಾತ್ರಿ ಅಕ್ಕ ಫೋನ್ ಮಾಡಿದಳು.

"ಬೇಡ ಅಂತ ಹೇಳ್ಬೇಡ ಕಣೋ. ಅವರು ಯಾವತ್ತೂ ತಮಗೆ ಅಂತ ಏನೂ ಕೇಳಿದೋರಲ್ಲ. ಆದ್ರೆ ನೋಡಿ ಕೊಡಿಸು. ನನ್ನ ಸರ ಮತ್ತೆ ಬ್ಯಾಂಕಿಗೆ ಹೋಗ್ಬಾರ್ದು, ಅಷ್ಟೇ."

ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಕೂತಿತ್ತು.

ಮೊದಲ ಕಾರು 2014ರ ಬಿಎಂಡಬ್ಲ್ಯು 320ಡಿ. ಬಿಳಿ ಬಣ್ಣ. ಹಳೇ ಕಾರು ಮಾರುವ ಅಂಗಡಿಯಲ್ಲಿತ್ತು. ಮೀಟರ್‌ನಲ್ಲಿ 58 ಸಾವಿರ ಕಿ.ಮೀ. ಹೇಳಿದ ಬೆಲೆ ಹತ್ತೂವರೆ ಲಕ್ಷ. ಎರಡನೆಯದು 2015ರ ಆಡಿ ಎ4 ಡೀಸೆಲ್. ಬೂದು ಬಣ್ಣ. ಒಬ್ಬ ಡಾಕ್ಟರ್ ಮನೆಯ ಮುಂದೆ ನಿಂತಿತ್ತು. 83 ಸಾವಿರ ಓಡಿತ್ತು. ಬೆಲೆ ಹನ್ನೆರಡು ಲಕ್ಷ. ಒಂದು ವರ್ಷ ಹಳೆಯದು, ಕಡಿಮೆ ಓಡಿದ್ದು, ಒಂದೂವರೆ ಲಕ್ಷ ಅಗ್ಗ. ಲೆಕ್ಕ ಇಲ್ಲಿಗೇ ಮುಗಿಯಿತಲ್ಲ ಅಂತ ನನಗೂ ಅನಿಸಿತು.

ಓಡಿಸಿ ನೋಡಿದಾಗ ಇನ್ನೂ ಹಾಗೆ ಅನಿಸಿತು. ಬಿಎಂಡಬ್ಲ್ಯುದಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. 184 ಕುದುರೆ ಶಕ್ತಿ, ಎಂಟು ಗೇರಿನ ಆಟೋಮ್ಯಾಟಿಕ್. ತಿರುವಿನಲ್ಲಿ ಭಾವ ಕಾಲು ಒತ್ತಿದಾಗ ಕಾರು ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗಾಯಿತು. ಅವರ ಮುಖ ನೋಡಿದೆ. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದ ಹುಡುಗನ ಮುಖ.

ಆಡಿಯಲ್ಲಿ ಬಲ ಮುಂದಿನ ಚಕ್ರಕ್ಕೆ. 177 ಕುದುರೆ ಶಕ್ತಿ. ಗೇರು ಬಿದ್ದದ್ದೇ ಗೊತ್ತಾಗಲ್ಲ, ಯಾಕೆಂದರೆ ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೇರುಗಳಿಲ್ಲ. ಎರಡು ರಾಟೆಗಳ ನಡುವೆ ಒಂದು ಸರಪಳಿ ಓಡುವ ಸಿವಿಟಿ. ಒಳಗೆ ಮನೆಯ ಹಾಗೆ ನೆಮ್ಮದಿ. ಭಾವ ಇಳಿದು "ಚೆನ್ನಾಗೈತೆ" ಅಂದರು. ಬಿಎಂಡಬ್ಲ್ಯುದಿಂದ ಇಳಿದಾಗ ಏನೂ ಅಂದಿರಲಿಲ್ಲ. ಬಾನೆಟ್ ಸವರಿದ್ದರು.

ನಾನೂ ಸಾಚಾ ಅಲ್ಲ. ಆ ಬಿಳಿ ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡು ಸ್ಟೇಟಸ್‌ಗೆ ಹಾಕಿದೆ. ಹತ್ತು ನಿಮಿಷದಲ್ಲಿ "ಏನ್ ಸಾರ್, ಪೇಪರ್‌ನೋರು ಸಂಬಳ ಜಾಸ್ತಿ ಮಾಡಿದ್ರಾ?" ಅಂತ ಮೂರು ಮೆಸೇಜು.

ಅಂಗಡಿಯವನು ಅವಸರ ಮಾಡುತ್ತಿದ್ದ. "ಇವತ್ತು ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದಾರೆ." ಸಾಯಂಕಾಲದೊಳಗೆ ಸುದ್ದಿ ಕೊಡದಿದ್ದರೆ ಬೇರೆಯವರು ಕೊಡ್ತಾರೆ ಅಂತ ಹೆದರಿಸುವವರನ್ನು ನಾನು ದಿನಾ ನೋಡ್ತೀನಿ. ಆ ದನಿ ಕೇಳಿದ ಕೂಡಲೇ ಎಚ್ಚರವಾಯಿತು. ಆರ್‌ಸಿ ಕೇಳಿದೆ. ನಂಬರ್ ಡಿಎಲ್ ಅಂತ ಶುರುವಾಗಿತ್ತು.

ದೆಹಲಿ ಸೀಮೆಯಲ್ಲಿ ಆಗ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವ ಹಾಗಿರಲಿಲ್ಲ. ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹಾಗಾಗಿ ಒಂಬತ್ತು ವರ್ಷ ತುಂಬಿದ ಡೀಸೆಲ್ ಕಾರು ಅಲ್ಲಿ ಅಗ್ಗವಾಗಿತ್ತು. ಲಾರಿ ಹತ್ತಿ ದಕ್ಷಿಣಕ್ಕೆ ಬರುತ್ತಿದ್ದವು. ಅದು ತಪ್ಪೇನಲ್ಲ. ಆದರೆ ಆ ಕಾರು ನಮ್ಮದಾಗಬೇಕಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಕೆಎ ನಂಬರ್ ಬೇಕು, ಮತ್ತೆ ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಶುರುವಾಗೋದು ನಾವು ಕೊಟ್ಟ ಹತ್ತೂವರೆ ಲಕ್ಷದಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಹಾಸನದಲ್ಲಿ ಪರಿಚಯದ ಏಜೆಂಟರಿಗೆ ಫೋನ್ ಮಾಡಿದೆ. "ಎಲ್ಲ ಸೇರಿ ಮೂರು ಲಕ್ಷದ ಆಸುಪಾಸು ಇಟ್ಕೊಳ್ಳಿ" ಅಂದರು.

ಅಂಗಡಿಯವನನ್ನು ಕೇಳಿದರೆ "ಅದನ್ನ ಆಮೇಲೆ ನೋಡ್ಕೊಳ್ಳಿ ಸಾರ್, ಹಳ್ಳೀಲಿ ಯಾರ್ ಹಿಡೀತಾರೆ?" ಅಂದ. ಅಗ್ಗದ ಕಾರು ಅಲ್ಲಿಗೇ ದುಬಾರಿ ಕಾರಾಯಿತು.

ಭಾವ ಮಾತ್ರ ಒಪ್ಪಲಿಲ್ಲ. "ಮೂರು ಲಕ್ಷ ಹೋದ್ರೂ ಅದು ಬಿಎಂಡಬ್ಲ್ಯು ಕಣೋ."

ಮಾರನೇ ದಿನ ಎರಡೂ ಕಾರನ್ನು ಒಬ್ಬ ಮೆಕ್ಯಾನಿಕ್ ಹತ್ತಿರ ತೋರಿಸಿದೆವು. ನಮ್ಮ ಹೊಳೆನರಸೀಪುರದ ಕಡೆಯವರು. ಒಂದು ಕಾರಿಗೆ ಎರಡು ಸಾವಿರ ತಗೊಂಡರು. ಆ ನಾಲ್ಕು ಸಾವಿರ ನಾವು ಆ ವಾರ ಖರ್ಚು ಮಾಡಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೇ ಖರ್ಚು.

ಅವರು ಮೊದಲು ಬಾನೆಟ್ ತೆಗೆಯಲಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಮಳೆನೀರಿನಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬೇಕು. ಮುಳುಗಿದ ಕಾರನ್ನು ತೊಳೆದು ಪಾಲಿಶ್ ಮಾಡಬಹುದು. ಆದರೆ ಬೆಲ್ಟಿನ ಒಳಸುತ್ತಿನಲ್ಲಿ ಮಣ್ಣಿನ ಗೆರೆ ಉಳಿದುಬಿಡುತ್ತದೆ. ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿರುತ್ತದೆ. ಎರಡೂ ಕಾರು ಈ ಪರೀಕ್ಷೆ ಪಾಸಾದವು.

ಆಮೇಲೆ ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿದರು. ಬಿಎಂಡಬ್ಲ್ಯುದಲ್ಲಿ ಅದು ಒಂದು ಕಡೆ ನುಣ್ಣಗೆ ಸವೆದಿತ್ತು. ಸ್ಟೇರಿಂಗ್ ಚರ್ಮ ಹೊಳೆಯುತ್ತಿತ್ತು. "ಐವತ್ತೆಂಟು ಸಾವಿರಕ್ಕೆ ಇಷ್ಟು ಸವೆಯಲ್ಲ" ಅಂದರು. ಸರ್ವೀಸ್ ದಾಖಲೆ ಕೇಳಿದರೆ ಅಂಗಡಿಯವನ ಹತ್ತಿರ ಇರಲಿಲ್ಲ. ಡಾಕ್ಟರ್ ಹತ್ತಿರ ಒಂದು ಫೈಲೇ ಇತ್ತು. 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಹೊಗೆ ಪರೀಕ್ಷೆಯ ಸಾಫ್ಟ್‌ವೇರ್ ವಿಚಾರದಲ್ಲಿ ಭಾರತದಲ್ಲಿ 3.23 ಲಕ್ಷ ಡೀಸೆಲ್ ಕಾರುಗಳನ್ನು ವಾಪಸ್ ಕರೆಯುವುದಾಗಿ ಹೇಳಿತ್ತಲ್ಲ, ಆ ಸಾಫ್ಟ್‌ವೇರ್ ಬದಲಿಸಿದ ಚೀಟಿಯೂ ಫೈಲಿನಲ್ಲಿತ್ತು.

ಹಾಗಂತ ಅವರು ಆಡಿಯನ್ನೂ ಹೊಗಳಲಿಲ್ಲ. ಆ ಎಂಜಿನ್ನಿನಲ್ಲಿ ಇರೋದು ಟೈಮಿಂಗ್ ಬೆಲ್ಟು. ವಯಸ್ಸಾದ ಮೇಲೆ ಕಾಯದೆ ಬದಲಿಸಲೇಬೇಕು. ಡಾಕ್ಟರ್ ಬದಲಿಸಿರಲಿಲ್ಲ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆಯೂ ಇರಲಿಲ್ಲ. ಎರಡಕ್ಕೂ ತಕ್ಷಣ ದುಡ್ಡು ಬೇಕು. ಬಿಎಂಡಬ್ಲ್ಯುದಲ್ಲಿ ಬೆಲ್ಟಿನ ಬದಲು ಚೈನು. ಬಾಳಿಕೆ ಜಾಸ್ತಿ. ಆದರೆ ಆ ಎಂಜಿನ್ನಿನಲ್ಲಿ ಚೈನು ಇರೋದು ಹಿಂಬದಿ, ಗೇರ್‌ಬಾಕ್ಸ್ ಕಡೆ. ಬದಲಿಸುವ ದಿನ ಬಂದರೆ ಗೇರ್‌ಬಾಕ್ಸೋ ಎಂಜಿನ್ನೋ ಇಳಿಸಬೇಕು. ಕೆಲಸ ದೊಡ್ಡದು, ಬಿಲ್ಲೂ ದೊಡ್ಡದು.

ಡಿಕ್ಕಿ ತೆಗೆದರು. ಆಡಿಯಲ್ಲಿ ಸ್ಟೆಪ್ನಿ ಇತ್ತು. ಬಿಎಂಡಬ್ಲ್ಯುದಲ್ಲಿ ಇರಲಿಲ್ಲ. ಅದರ ಟೈರು ರನ್‌ಫ್ಲಾಟ್. ಗಾಳಿ ಹೋದರೂ 80ರ ವೇಗ ಮೀರದೆ ಸುಮಾರು 80 ಕಿ.ಮೀ. ಓಡಿಸಬಹುದು. ಪಟ್ಟಣದವರಿಗೆ ಅನುಕೂಲ. ಆದರೆ 80 ಕಿ.ಮೀ. ಓಡಿಸಿ ಎಲ್ಲಿಗೆ ಹೋಗೋದು? ಅರಕಲಗೂಡಿನ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆಯ ರನ್‌ಫ್ಲಾಟ್ ಟೈರು ಇಟ್ಟಿರುತ್ತಾರಾ?

ಕೊನೆಗೆ ಕೈ ಒರೆಸಿಕೊಂಡು ಅವರು ಭಾವನಿಗೆ ಒಂದೇ ಮಾತು ಹೇಳಿದರು. ಅದಕ್ಕಾಗಿಯೇ ಇಷ್ಟೆಲ್ಲ ಬರೀತಾ ಇದೀನಿ.

"ನೋಡಿ ಗೌಡ್ರೆ, ನಲವತ್ತು ಲಕ್ಷದ ಕಾರು ಹತ್ತು ವರ್ಷಕ್ಕೆ ಹತ್ತು ಲಕ್ಷಕ್ಕೆ ಇಳೀತು. ಆದ್ರೆ ಅದರ ಸ್ಪೇರು ಇಳಿಯಲ್ಲ. ಹಳೇ ಕಾರು ಹಳೇ ರೇಟಿಗೆ ಸಿಗುತ್ತೆ, ಸ್ಪೇರು ಯಾವತ್ತೂ ಹೊಸಾ ರೇಟೇ. ನೀವು ಹತ್ತು ಲಕ್ಷದ ಕಾರು ತಗೊಳ್ತಾ ಇಲ್ಲ. ನಲವತ್ತು ಲಕ್ಷದ ಕಾರನ್ನ ಸಾಕೋಕೆ ಹೊರಟಿದೀರಿ. ಯಾವುದೇ ತಗೊಳ್ಳಿ, ಮೊದಲ ದಿನವೇ ಎರಡು ಲಕ್ಷ ಬೇರೆ ಎತ್ತಿಡಿ. ಅಷ್ಟು ಎತ್ತಿಡೋಕೆ ಆಗಲ್ಲ ಅಂದ್ರೆ ತಗೋಬೇಡಿ."

ಆ ರಾತ್ರಿ ಮೆಜೆಸ್ಟಿಕ್ ಹತ್ತಿರದ ಹೋಟೆಲಿನಲ್ಲಿ ಭಾವ ಊಟ ಮುಗಿಯುವವರೆಗೂ ಮಾತಾಡಲಿಲ್ಲ. ನನಗೆ ಬಾಯಿಗೆ ಬಂದಿತ್ತು: "ಎರಡೂ ಬೇಡ ಭಾವ, ಹೊಸಾದೊಂದು ಚಿಕ್ಕ ಕಾರು ತಗೊಳ್ಳಿ, ವಾರಂಟಿನೂ ಇರುತ್ತೆ." ಅಕ್ಕನ ಮಾತು ನೆನಪಾಗಿ ನುಂಗಿಕೊಂಡೆ.

ಕೈ ತೊಳೆದು ಬಂದು ಅವರೇ ಶುರು ಮಾಡಿದರು.

"ಆರು ವರ್ಷ ಓಡಿಸ್ದೆ. ಒಂದು ದಿನಾನೂ ಬಿಲ್ಲು ನೋಡಿರ್ಲಿಲ್ಲ. ಸಾಹುಕಾರ್ರು ಕಟ್ಟೋರು. ಈ ಕಾರು ಅಂದ್ರೆ ಓಡ್ಸೋದು ಅಷ್ಟೇ ಅಂತ ತಿಳ್ಕೊಂಡಿದ್ದೆ. ಶುಂಠಿಯಲ್ಲಿ ಹಿಂಗೆ ಅಂದ್ಕೊಂಡೋನು ನಾನಲ್ಲ ನೋಡು. ಬಿತ್ತನೆಗೆ ದುಡ್ಡು ಇದ್ರೆ ಸಾಕಾಗಲ್ಲ, ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೂ ಇರ್ಬೇಕು. ಇಲ್ದಿದ್ರೆ ಬಿತ್ತಿದ್ದೂ ಹೋಯ್ತು."

ಆಮೇಲೆ ಟಿಶ್ಯೂ ಪೇಪರಿನ ಮೇಲೆ ಬರೆಯಲು ನನ್ನ ಪೆನ್ನು ಕೇಳಿದರು. ಬಿಎಂಡಬ್ಲ್ಯು ಹತ್ತೂವರೆ, ಟ್ಯಾಕ್ಸು ಮೂರು, ಎತ್ತಿಡೋದು ಎರಡು. ಹದಿನೈದೂವರೆ. ಕೈಯಲ್ಲಿರೋ ದುಡ್ಡಿಗಿಂತ ಐವತ್ತು ಸಾವಿರ ಜಾಸ್ತಿ. ಆಡಿ ಹನ್ನೆರಡು, ಎತ್ತಿಡೋದು ಎರಡು. ಹದಿನಾಲ್ಕು.

ಆ ಐವತ್ತು ಸಾವಿರದ ಕೆಳಗೆ ಒಂದು ಗೆರೆ ಎಳೆದು ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಆ ಐವತ್ತು ಸಾವಿರ ಎಲ್ಲಿಂದ ಬರಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಗ್ಗೆ ಡಾಕ್ಟರ್ ಮನೆಗೆ ಹೋದೆವು. ಬೆಲ್ಟಿನ ಲೆಕ್ಕ ತೋರಿಸಿ ಹನ್ನೊಂದು ಕಾಲು ಲಕ್ಷಕ್ಕೆ ಮುಗಿಸಿದೆವು. ಮುಂಚೆಯೇ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್ ನೋಡಿದ್ದೆ. ಬ್ಯಾಂಕ್ ಸಾಲ ತೀರಿ ಆರ್‌ಸಿಯಿಂದ ಅದರ ಹೆಸರು ಹೋಗಿತ್ತು. ಫಾರಂ 29, 30ಕ್ಕೆ ಅಲ್ಲೇ ಸಹಿ ಆಯಿತು. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಹೇಳಬೇಕು ಅಂತ ಕಾನೂನಿದೆ, ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಓಡಿಸ್ತಾರೆ. ಹಾಗೆ ಮಾಡಬೇಡಿ. ನಾಳೆ ಅಪಘಾತ ಆದರೆ ಕಷ್ಟ ಇಬ್ಬರಿಗೂ.

ಬರುವಾಗ ದಾರಿಯಲ್ಲಿ ಭಾವ "ನಿನ್ನ ಪ್ರೆಸ್ ಸ್ಟಿಕ್ಕರ್ ಒಂದು ಅಂಟಿಸು ಕಣೋ, ಟೋಲ್‌ನಲ್ಲಿ ಗೌರವ ಇರುತ್ತೆ" ಅಂದರು. ಅದೊಂದು ಮಾತ್ರ ಆಗಲ್ಲ ಅಂದೆ. ಚನ್ನರಾಯಪಟ್ಟಣ ದಾಟುವವರೆಗೂ ಸಿಟ್ಟು ಮಾಡಿಕೊಂಡಿದ್ದರು.

ಉಳಿದ ದುಡ್ಡಿನಲ್ಲಿ ಎರಡೂವರೆ ಲಕ್ಷ ಅಕ್ಕನ ಹೆಸರಿನ ಖಾತೆಗೆ ಹಾಕಿದರು. ಅದರಿಂದ ಕಾರಿಗೆ ಮಾತ್ರ ತೆಗೆಯಬೇಕು ಅಂತ ಮಾತು. ಬೆಲ್ಟು ಮತ್ತು ಗೇರ್‌ಬಾಕ್ಸ್ ಎಣ್ಣೆಗೆ ಮೊದಲ ತಿಂಗಳೇ 78 ಸಾವಿರ ಹೋಯಿತು. ಆಮೇಲೆ ಎರಡು ಟೈರು. ಊರ ಮುಂದಿನ ಹಂಪಿನಲ್ಲಿ ಹೊಟ್ಟೆ ತಾಗಿ ಕೆಳಗಿನ ಪ್ಲಾಸ್ಟಿಕ್ ಒಡೆಯಿತು, ಅದಕ್ಕಷ್ಟು. ಆಮೇಲೆ ಇನ್ಶೂರೆನ್ಸು. ಒಂದು ವರ್ಷಕ್ಕೆ ಎರಡು ಲಕ್ಷದ ಹತ್ತಿರ ಬಂತು. ಮೆಕ್ಯಾನಿಕ್ ಬಾಯಲ್ಲಿ ಬಂದ ಲೆಕ್ಕವೇ.

ಅಷ್ಟರಲ್ಲಿ ಶುಂಠಿ ರೇಟು ಬಿತ್ತು. ಎಷ್ಟು ಬಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾರ್ಚ್‌ನಲ್ಲಿ ಬಿತ್ತನೆ ಹೊತ್ತಿಗೆ ಅಕ್ಕನ ಮನೆಗೆ ಹೋದೆ. ಕೊಟ್ಟಿಗೆಯ ಪಕ್ಕ ಕಾರಿಗೆ ನೀಲಿ ಟಾರ್ಪಾಲು ಹೊದಿಸಿತ್ತು. ಭಾವ ಬೈಕಿನಲ್ಲಿ ಸಂತೆಯಿಂದ ಬಂದರು.

"ಕೆಟ್ಟಿದೆಯಾ ಭಾವ?"

"ಕೆಟ್ಟಿಲ್ಲ. ಖಾತೇಲಿ ಐವತ್ತು ಸಾವಿರ ಐತೆ. ಅದಕ್ಕಿಂತ ಕೆಳಗೆ ಹೋಗ್ಬಾರ್ದು ಅಂತ ನಿಲ್ಸಿದೀನಿ. ಹದಿನೈದು ದಿನಕ್ಕೊಂದ್ಸಲ ಸ್ಟಾರ್ಟ್ ಮಾಡಿ, ಕೆರೆ ಏರಿ ಮೇಲೆ ಒಂದು ಸುತ್ತು ಹೋಗ್ಬರ್ತೀನಿ."

ಅದು ಸೋಲೋ ಗೆಲುವೋ ಅಂತ ನನಗೆ ಇವತ್ತಿಗೂ ಹೇಳೋಕೆ ಬರಲ್ಲ. ಎರಡನ್ನೂ ಬಿಟ್ಟು ಚಿಕ್ಕ ಕಾರು ತಗೊಂಡಿದ್ದರೆ ದಿನಾ ಓಡಿಸಬಹುದಿತ್ತು. ಆದರೆ ಹೋದ ವರ್ಷ ಅವರಮ್ಮನನ್ನೂ ಅಕ್ಕನನ್ನೂ ಹಿಂದೆ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದದ್ದನ್ನು ಅವರು ಇನ್ನೂ ಹೇಳುತ್ತಾರೆ. "ಹಿಂದಿನ ಸೀಟಲ್ಲಿ ನಮ್ಮೋರೇ ಇದ್ರು ಕಣೋ" ಅಂತ.

ಅಕ್ಕ ಕಾಫಿ ತಂದಿಟ್ಟಳು. ಬಗ್ಗಿದಾಗ ಕೊರಳಲ್ಲಿ ಸರ ಇತ್ತು.