ದೀಪ ಆರಿಸುವುದು

ರಾಯಚೂರಿನಲ್ಲಿ ಕುಳಿತು ಸಮುದ್ರ ಸಾಕುವ ಯೋಚನೆ ನನ್ನದಲ್ಲ, ಮೊಮ್ಮಗಳದು. ದೀಪಾವಳಿ ರಜೆಯಲ್ಲಿ ಮನೆಮಂದಿಯೆಲ್ಲ ಮುರುಡೇಶ್ವರಕ್ಕೆ ಹೋಗಿದ್ದೆವು. ಮಗ ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದು ಬಂದ. ಅವನು ತಂದ ವಿಡಿಯೊದಲ್ಲಿ ಬಂಡೆಗೆ ಅಂಟಿದ ಹವಳ, ಅದರ ಸುತ್ತ ಸುಳಿಯುವ ಬಣ್ಣದ ಮೀನು. ಅದನ್ನು ನೋಡಿದ್ದೇ ತಡ, ಊರು ಮುಟ್ಟುವ ತನಕ ಮೊಮ್ಮಗಳದು ಒಂದೇ ರಾಗ.

“ತಾತ, ನಮ್ಮನ್ಯಾಗೂ ಹವಳ ಬೆಳಸೋಣು. ಮ್ಯಾಲ ಗಾಜಿನ ತೊಟ್ಟಿ ಖಾಲಿ ಬಿದ್ದದಲ್ಲ?”

ಅಟ್ಟದ ಮೇಲೆ ಮೂರಡಿ ಉದ್ದದ ತೊಟ್ಟಿಯೊಂದು ಇತ್ತು, ನಿಜ. ಮಾನ್ವಿಯಲ್ಲಿ ಮೇಷ್ಟರಾಗಿದ್ದಾಗ ಕೊಂಡದ್ದು. ಅದು ಯಾಕೆ ಖಾಲಿಯಾಗಿದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಉಪ್ಪಿನ ಪುಡಿ ಅಂಗಡ್ಯಾಗ ಸಿಗ್ತದಂತ. ಒಂದು ಚಲೋ ಲೈಟ್ ತಂದ್ರ ಸಾಕು,” ಎಂದಳು.

ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ಒಂದು ಲೈಟು ಆರಿಸುವುದು ಯಾವ ಮಹಾ ಕೆಲಸ ಎಂದು ಒಪ್ಪಿಕೊಂಡೆ. ನಮ್ಮ ಭಾಷೆಯಲ್ಲಿ ದೀಪ ಆರಿಸುವುದಕ್ಕೆ ಎರಡು ಅರ್ಥ: ನಂದಿಸುವುದು ಮತ್ತು ಆಯ್ದುಕೊಳ್ಳುವುದು. ಎರಡರಲ್ಲಿ ಎರಡನೆಯದೇ ಕಷ್ಟ ಎಂದು ವಾರದೊಳಗೆ ಗೊತ್ತಾಯಿತು.

ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಈ ಬಾಡಿಗೆದಾರ ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತಾನೆ. ಹೀಗಾಗಿ ಹವಳದ ತೊಟ್ಟಿಗೆ ದೀಪವೆಂದರೆ ಅಲಂಕಾರವಲ್ಲ, ಅದು ಊಟ. ಅದೂ ಎಂಥ ಬೆಳಕು? ಸಮುದ್ರದ ನೀರು ಕೆಂಪು ಬಣ್ಣವನ್ನು ಮೇಲೆಯೇ ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ತಲೆಮಾರುಗಳಿಂದ ನೀಲಿ ಉಂಡು ಬೆಳೆದದ್ದಕ್ಕೆ ನಮ್ಮ ಪಡಸಾಲೆಯ ಹಳದಿ ಬಲ್ಬು ರುಚಿಸುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ ಲ್ಯೂಮೆನ್ ಲೆಕ್ಕವೂ ಇಲ್ಲಿ ನಡೆಯದು. ಅದು ಮನುಷ್ಯನ ಕಣ್ಣಿಗೆ ಎಷ್ಟು ಬೆಳಕು ಎನ್ನುವ ಲೆಕ್ಕ. ಪಾಚಿಗೆ ಎಷ್ಟು ದಕ್ಕಿತು ಎಂದು ಅಳೆಯುವ ಮಾಪಕವೇ ಬೇರೆ.

ಮೊದಲು ಹವಳ ಸಾಕುವವರು ಮೆಟಲ್ ಹ್ಯಾಲೈಡ್ ದೀಪ ಹಾಕುತ್ತಿದ್ದರು. ಕ್ರೀಡಾಂಗಣದ ಕಂಬಗಳ ಮೇಲೆ ಉರಿಯುತ್ತಿದ್ದ ಜಾತಿಯದು. ನೂರೈವತ್ತು, ಇನ್ನೂರೈವತ್ತು ವಾಟಿನ ಆ ದೀಪ ನೀರನ್ನೇ ಕಾಯಿಸುತ್ತಿತ್ತು. ಆಮೇಲೆ ತೆಳ್ಳನೆಯ ಟ್ಯೂಬುಗಳು ಬಂದವು. ಈಗ ಎಲ್‌ಇಡಿ. ನೀಲಿ, ಬಿಳಿ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು, ಶಾಖವೂ ಕಡಿಮೆ. ಎಲ್‌ಇಡಿಯೇ ಸರಿ ಎಂದು ತೀರ್ಮಾನಿಸಿದೆ.

ಆದರೆ ಶಾಖ ದೀಪದಿಂದ ಮಾತ್ರ ಬರುತ್ತದೆಯೇ? ಹವಳಕ್ಕೆ ಒಗ್ಗುವ ನೀರು 24ರಿಂದ 27 ಡಿಗ್ರಿಯದು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ದಾಟುತ್ತದೆ. ನೀರನ್ನು ತಂಪಾಗಿಡಲು ಚಿಲ್ಲರ್ ಎಂಬ ಯಂತ್ರ ಬೇಕೆಂದು ಮನೆಯಲ್ಲಿ ಹೇಳಿದೆ.

“ನಲವತ್ತು ವರ್ಷದಿಂದ ಫ್ಯಾನೂ ಇಲ್ದ ಅಡಿಗಿ ಮನ್ಯಾಗ ಬೆಂದೀನಿ ನಾನು. ಹವಳಕ್ಕ ಏಸಿ ಬೇಕಂತ!” ಎಂದಳು ನನ್ನವಳು. ಉತ್ತರ ಕೊಡುವ ಧೈರ್ಯವಾಗಲಿಲ್ಲ.

ಆ ಏಸಿಗೆ ಕರೆಂಟಾದರೂ ಎಲ್ಲಿಂದ? ನಮ್ಮ ಶಕ್ತಿನಗರದಿಂದ ಅನ್ನಿ. ಕೃಷ್ಣೆಯ ದಂಡೆಯ ಆ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಬೆಳೆಯುತ್ತ ಎಂಟು ಘಟಕ, 1,720 ಮೆಗಾವಾಟ್ ಆಯಿತು. ಎಲ್ಲ ಕಲ್ಲಿದ್ದಲು. ಸಮುದ್ರ ಬಿಸಿಯಾದರೆ ಹವಳ ತನ್ನ ಬಾಡಿಗೆದಾರನನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಕ್ಕೆ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಸಮುದ್ರವನ್ನು ಬಿಸಿ ಮಾಡುವುದರಲ್ಲಿ ಕಲ್ಲಿದ್ದಲಿನ ಹೊಗೆಯ ಪಾಲು ದೊಡ್ಡದು. ಅದೇ ಕಲ್ಲಿದ್ದಲು ಸುಟ್ಟು ಪಡಸಾಲೆಯಲ್ಲಿ ಒಂದು ಹಿಡಿ ಹವಳವನ್ನು ತಂಪಾಗಿ ಇಡುತ್ತೇನೆ ಎನ್ನುವುದು ನನಗೇ ನಗು ತರಿಸಿತು.

ಇಷ್ಟಾದರೂ ಹಟ ಬಿಡಲಿಲ್ಲ. ದೊಡ್ಡ ಊರಿನ ಅಂಗಡಿಯವನೊಬ್ಬನಿಗೆ ಫೋನ್ ಮಾಡಿದೆ. ಲೈಟಿನ ಬೆಲೆ ಹೇಳಿದವನು ದನಿ ತಗ್ಗಿಸಿ, “ಹವಳವನ್ನೂ ಕಳಿಸಿಕೊಡ್ತೀನಿ ಸಾರ್,” ಎಂದ. ದನಿ ಯಾಕೆ ತಗ್ಗಿತು ಎಂದು ವಿಚಾರಿಸಿದರೆ ಗೊತ್ತಾದದ್ದು ಇದು: ದಿಬ್ಬ ಕಟ್ಟುವ ಕಲ್ಲು ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಮೊಮ್ಮಗಳಿಗೆ ಹುಲಿಮರಿ ತಂದುಕೊಡುತ್ತೇನೆಯೇ?

ಅವಳಿಗೆ ಹೇಗೆ ಹೇಳುವುದು? ಅಂಗಡಿಯಲ್ಲಿ ಸ್ಟಾಕ್ ಇಲ್ಲವಂತೆ ಎಂದುಬಿಡಲು ಬಾಯಿ ತೆರೆದವನು ತಡೆದೆ. ಹಿಂದೊಮ್ಮೆ ಇಂಥದೇ ಸುಳ್ಳು ಹೇಳಿದ್ದೆ, ಇದೇ ತೊಟ್ಟಿಯ ವಿಷಯದಲ್ಲಿ.

ತೊಂಬತ್ತರ ದಶಕದ ಮಾತು. ಮಾನ್ವಿಯ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಈ ತೊಟ್ಟಿ ಇಟ್ಟಿದ್ದೆ. ಎಡದಂಡೆ ಕಾಲುವೆಯಿಂದ ಹುಡುಗನೊಬ್ಬ ಕೊಡದಲ್ಲಿ ಸಣ್ಣ ಮೀನು ತಂದು ಬಿಟ್ಟ. ದಿನಾ ಊಟದ ಬಿಡುವಿನಲ್ಲಿ ಅದರ ಮುಂದೆಯೇ ಕೂರುತ್ತಿದ್ದ. ಬೆಳಕು ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾನು ಕಿಟಕಿಯ ಬಿಸಿಲು ಸಾಲದೆಂಬಂತೆ ನಲವತ್ತು ವಾಟಿನ ಟ್ಯೂಬನ್ನೂ ಹಗಲು ರಾತ್ರಿ ಉರಿಸಿದೆ. ನೀರು ಹಸಿರುಗಟ್ಟಿತು. ಏಪ್ರಿಲಿನ ಒಂದು ರಾತ್ರಿ ಗಾಳಿಗೆ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಟ್ಯೂಬೂ ನಿಂತಿತು, ಪಂಪೂ ನಿಂತಿತು. ಬೆಳಿಗ್ಗೆ ಮೀನೆಲ್ಲ ತೇಲುತ್ತಿದ್ದವು.

“ಬೆಳಕಿದ್ರ ಪಾಚಿ ಆಮ್ಲಜನಕ ಬಿಡ್ತದಂತ ನೀವೇ ಹೇಳಿದ್ರಲ್ರಿ ಸರ?” ಎಂದು ಕೇಳಿದ ಹುಡುಗ.

ಬೆಳಕಿದ್ದಾಗ ಬಿಡುತ್ತದೆ, ಕತ್ತಲಲ್ಲಿ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಬೆಚ್ಚನೆಯ ನೀರಿನಲ್ಲಿ ಅದು ಇರುವುದೇ ಕಡಿಮೆ. ಇದು ನನಗೆ ಗೊತ್ತಿತ್ತು, ಕರಿಹಲಗೆಯ ಮೇಲೆ ಬರೆದೂ ಇದ್ದೆ. ಆದರೂ, “ಕಾಲುವೆ ಮೀನಿಗೆ ರೋಗ ಇತ್ತಪ್ಪ,” ಎಂದುಬಿಟ್ಟೆ. ತಾನು ತಂದ ಮೀನಿನಲ್ಲೇ ದೋಷ ಎಂದು ತಿಳಿದು ಆ ಹುಡುಗ ತಲೆ ತಗ್ಗಿಸಿ ಹೋದ. ಮರುದಿನದಿಂದ ತೊಟ್ಟಿಯ ಹತ್ತಿರ ಬರಲಿಲ್ಲ.

ಬೆಳಕಿನ ಪಾಠವನ್ನು ನನಗೆ ಅದಕ್ಕೂ ಮೊದಲೇ ದೇವದುರ್ಗದಲ್ಲಿ ನನ್ನ ಅಜ್ಜಿ ಹೇಳಿಕೊಟ್ಟಿದ್ದಳು. ಓದಲು ಕೂತಾಗ ಕಂದೀಲಿನ ಬತ್ತಿ ಏರಿಸಿದರೆ ಬಂದು ಇಳಿಸುತ್ತಿದ್ದಳು: “ಏರ್ಸಿದ್ರ ಬೆಳಕು ಹೆಚ್ಚಾಗಂಗಿಲ್ಲ ಮಗ, ಗಾಜು ಕರ್ರಗ ಆಗ್ತದ.”

ಈ ಮೂರನ್ನೂ ಮೊಮ್ಮಗಳಿಗೆ ಹೇಳಿದೆ: ಅಂಗಡಿಯವನ ತಗ್ಗಿದ ದನಿ, ಮಾನ್ವಿಯ ಮೀನು, ಅಜ್ಜಿಯ ಕಂದೀಲು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಆ ಹುಡುಗಗ ಸಾರಿ ಹೇಳಿಲ್ಲೇನು ನೀನು?” ಎಂದಳು. ಹವಳದ ಮಾತೇ ಎತ್ತಲಿಲ್ಲ.

ಈಗ ಅದೇ ತೊಟ್ಟಿ ಪಡಸಾಲೆಯಲ್ಲಿದೆ, ಕಿಟಕಿಯಿಂದ ದೂರ. ಸಿಹಿನೀರು, ಕಾಲುವೆಯಲ್ಲಿ ಬೆಳೆಯುವ ಹೈಡ್ರಿಲ್ಲಾ, ಎಂಟು ಗಪ್ಪಿ ಮೀನು. ದೀಪ ಇಪ್ಪತ್ತು ವಾಟಿನ ಬಿಳಿ ಎಲ್‌ಇಡಿ, 6,500 ಕೆಲ್ವಿನ್ನಿನದು. ಅಂದರೆ ನಡುಹಗಲಿನ ಬೆಳಕಿನ ಬಣ್ಣ. ಗಾಳಿಯ ಪಂಪಿಗೆ ಬ್ಯಾಟರಿ ಇದೆ. ಬೇಸಿಗೆಯಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನು ತಿರುಗಿಸಿದರೆ, ನಮ್ಮ ಒಣಹವೆಗೆ ಮಣ್ಣಿನ ಗಡಿಗೆಯಂತೆ ತೊಟ್ಟಿಯೂ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಹವಳ ನೋಡಬೇಕೆನಿಸಿದರೆ ನೇತ್ರಾಣಿ ಇದೆ. ಅಲ್ಲಿಯ ದೀಪ ಆರಿಸುವ ಕೆಲಸ ನಮ್ಮದಲ್ಲ.

ಮಾನ್ವಿಯ ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ನಿನ್ನ ಮೀನಿಗೆ ರೋಗ ಇರಲಿಲ್ಲಪ್ಪ. ತಪ್ಪು ನನ್ನ ದೀಪದ್ದು.

ನಮ್ಮ ತೊಟ್ಟಿಯ ದೀಪವನ್ನು ಮಧ್ಯಾಹ್ನ ಹನ್ನೆರಡಕ್ಕೆ ಹಾಕುವುದು ನಾನು, ರಾತ್ರಿ ಎಂಟಕ್ಕೆ ಆರಿಸುವುದು ಅವಳು. ಮೀನು ನೋಡುತ್ತ ಕೂತು ನಾನು ಹತ್ತು ನಿಮಿಷ ತಡ ಮಾಡಿಸಿದರೂ, “ಪಾಚಿ ಬರ್ತದ ತಾತ,” ಎಂದು ಸ್ವಿಚ್ಚಿಗೆ ಕೈ ಹಾಕುತ್ತಾಳೆ.