ಸೆರೆಂಗೆಟಿ ಒಳಗೆ 53 ಕಿಲೋಮೀಟರ್

ಊಟದ ತಟ್ಟೆ ಕೈಲಿದ್ದಾಗ ಲ್ಯಾಪ್‌ಟಾಪಲ್ಲಿ ಏನಾದರೂ ಓಡ್ತಾ ಇರಬೇಕು ಅನ್ನೋದು ನಮ್ಮ ರೂಮಿನ ನಿಯಮ. ಕ್ರಿಕೆಟ್ ಇಲ್ಲದ ದಿನ ಪ್ರಾಣಿಗಳ ಡಾಕ್ಯುಮೆಂಟರಿ. ಹಾಗಾಗಿ ವೈಲ್ಡ್‌ಬೀಸ್ಟ್‌ಗಳು ಮಾರಾ ನದಿಗೆ ಧುಮುಕೋದನ್ನ ನಾವು ಹತ್ತು ಸಲವಾದರೂ ನೋಡಿದ್ದೇವೆ. ಈ ಪ್ರಾಣಿಗೆ ಕನ್ನಡದಲ್ಲಿ ಹೆಸರು ಹುಡುಕಿದೆವು, ಸಿಗಲಿಲ್ಲ. ಮುಖ ಎಮ್ಮೆ ಥರ, ಗಡ್ಡ ಆಡಿನ ಥರ, ಬಾಲ ಕುದುರೆ ಥರ. ಆದರೆ ಸೇರೋದು ಹುಲ್ಲೆಗಳ ಬಳಗಕ್ಕೆ.

ಜಗಳ ಶುರುವಾಗಿದ್ದು ಪ್ರಾಣಿಯಿಂದಲ್ಲ, ರಸ್ತೆಯಿಂದ. ನಮ್ಮಲ್ಲಿ ಇಬ್ಬರು ಸಿವಿಲ್. ಸೆಮಿನಾರ್‌ಗೆ ವಿಷಯ ಹುಡುಕುವಾಗ ಅವರಿಗೆ ಸಿಕ್ಕಿದ್ದು ಇದು: 2010ರಲ್ಲಿ ತಾಂಜಾನಿಯಾ ಸರ್ಕಾರ ಸೆರೆಂಗೆಟಿಯ ಉತ್ತರ ಭಾಗದಲ್ಲಿ ಹೆದ್ದಾರಿ ಹಾಕ್ತೀವಿ ಅಂತ ಹೇಳಿತು. ಪಾರ್ಕಿನೊಳಗೆ ಹೋಗೋದು 53 ಕಿಲೋಮೀಟರ್ ಅಷ್ಟೆ.

"ಐವತ್ಮೂರೇ ತಾನೆ ಮಗಾ, ಫ್ಲೈಓವರ್ ಹಾಕಿದ್ರೆ ಆಯ್ತು" ಅಂತ ಒಬ್ಬ. ನಾವೆಲ್ಲ ಹೂಂ ಅಂದೆವು. ಆಮೇಲೆ ಮ್ಯಾಪ್ ತೆಗೆದೆವು.

ವೈಲ್ಡ್‌ಬೀಸ್ಟ್‌ಗಳ ಓಡಾಟ ಒಂದು ದೊಡ್ಡ ಸುತ್ತು. ವರ್ಷದ ಮೊದಲ ತಿಂಗಳುಗಳಲ್ಲಿ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಲ್ಲಿರ್ತವೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿಯದು, ಹುಲ್ಲಲ್ಲಿ ಖನಿಜ ಜಾಸ್ತಿ, ಕರು ಹಾಕೋದು ಅಲ್ಲೇ. ಬಯಲು ಒಣಗಿದ ಮೇಲೆ ಪಶ್ಚಿಮಕ್ಕೆ, ಆಮೇಲೆ ಉತ್ತರಕ್ಕೆ ಹೋಗ್ತವೆ. ಯಾಕೆಂದರೆ ಬೇಸಿಗೆಯಲ್ಲೂ ಬತ್ತದ ನದಿ ಅಂದ್ರೆ ಮಾರಾ. ಆ ರಸ್ತೆಯ ಗೆರೆ ಸರಿಯಾಗಿ ಈ ದಾರಿಯನ್ನೇ ಕತ್ತರಿಸುತ್ತೆ. ರಸ್ತೆ ಬಂದು ದಾರಿ ಕಟ್ಟಿಹೋದರೆ ಹಿಂಡು ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತೆ ಅಂತ 2011ರಲ್ಲಿ ವಿಜ್ಞಾನಿಗಳು ಮಾಡೆಲ್ ಮಾಡಿ ಹೇಳಿದ್ರು. ಇದು ಬರೀ ಮಾಡೆಲ್ಲಿನ ಮಾತೂ ಅಲ್ಲ. 1980ರ ದಶಕದ ಬರದಲ್ಲಿ ಬೋಟ್ಸ್ವಾನಾದ ದನದ ರೋಗ ತಡೆಯೋ ಬೇಲಿಗಳ ಹತ್ತಿರ ನೀರಿಗೆ ಹೋಗಲಾಗದೆ ಸಾವಿರಾರು ವೈಲ್ಡ್‌ಬೀಸ್ಟ್ ಸತ್ತವು.

ಅಲ್ಲಿಗೆ ನಾಲ್ಕೂ ಜನ ರಸ್ತೆ ಬೇಡ ಅನ್ನೋ ಕಡೆ ಬಂದೆವು. ಕಾಡನ್ನ ಇದ್ದ ಹಾಗೇ ಬಿಡಬೇಕು ಅಂತ. ಆದರೆ "ಇದ್ದ ಹಾಗೆ" ಅಂದ್ರೆ ಯಾವಾಗ ಇದ್ದ ಹಾಗೆ?

ಈ ಪ್ರಶ್ನೆ ನಮ್ಮ ಒಂದು ರಾತ್ರಿ ತಿಂದುಹಾಕಿತು. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಅನ್ನೋ ದನಗಳ ಪ್ಲೇಗ್ ಪೂರ್ವ ಆಫ್ರಿಕಾವನ್ನ ಗುಡಿಸಿಹಾಕಿತ್ತು. ಮಸಾಯಿ ಜನರ ದನ ಹೆಚ್ಚುಕಮ್ಮಿ ಪೂರ್ತಿ ಸತ್ತವು, ಹಿಂದೆಯೇ ಜನ ಹಸಿವಿನಿಂದ ಸತ್ತರು. ವೈಲ್ಡ್‌ಬೀಸ್ಟ್, ಕಾಡೆಮ್ಮೆಗಳನ್ನೂ ರೋಗ ಬಿಡಲಿಲ್ಲ. ಬ್ರಿಟಿಷರು 1921ರಲ್ಲಿ ಇಲ್ಲಿ ಗೇಮ್ ರಿಸರ್ವ್ ಮಾಡುವಾಗ ಕಂಡದ್ದು ಇಂಥ ಏಟು ತಿಂದ ನೆಲ. 1950-60ರ ದಶಕದಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದರು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ, ಆದರೂ ಅವುಗಳಲ್ಲಿ ರೋಗ ನಿಂತುಹೋಯ್ತು! 1961ರಲ್ಲಿ ಸುಮಾರು 2.5 ಲಕ್ಷ ಇದ್ದ ವೈಲ್ಡ್‌ಬೀಸ್ಟ್ 1970ರ ದಶಕದ ಕೊನೆಗೆ ಸುಮಾರು 13 ಲಕ್ಷ. ಅಷ್ಟು ಬಾಯಿ ಹುಲ್ಲು ಮೇಯ್ದರೆ ಕಾಡ್ಗಿಚ್ಚಿಗೆ ಸುಡಲು ಏನೂ ಉಳಿಯಲ್ಲ. ಬೆಂಕಿ ಕಮ್ಮಿಯಾಗಿ ಸಸಿಗಳು ಮರವಾದವು. ನಮ್ಮ ಇ.ಸಿ. ಹುಡುಗನಿಗೆ ಖುಷಿಯೋ ಖುಷಿ. ಫೀಡ್‌ಬ್ಯಾಕ್ ಲೂಪ್ ಅಂತ ಟಿಶ್ಯೂ ಪೇಪರ್ ಮೇಲೆ ಬ್ಲಾಕ್ ಡಯಾಗ್ರಾಮ್ ಬರೆದ.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಆ ಬಯಲಲ್ಲಿ ದನ ಕಾಯ್ತಿದ್ದವರು ಎಲ್ಲಿ ಹೋದರು ಅಂತ ಕೇಳಿಕೊಂಡೆವು. 1951ರಲ್ಲಿ ಸೆರೆಂಗೆಟಿ ನ್ಯಾಷನಲ್ ಪಾರ್ಕ್ ಆಯ್ತು. 1959ರಲ್ಲಿ ಮಸಾಯಿಗಳನ್ನ ಹೊರಗೆ ಕಳಿಸಿ, ಪಕ್ಕದ ಗೊರೊಂಗೊರೊದಲ್ಲಿ ಇರಿ ಅಂದರು. ಅದೇ ವರ್ಷದ ಜನವರಿಯಲ್ಲಿ, ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಪ್ರಾಣಿ ಎಣಿಸ್ತಿದ್ದ ಜರ್ಮನಿಯ ಮಿಖಾಯೆಲ್ ಗ್ರ್ಝಿಮೆಕ್ ರಣಹದ್ದಿಗೆ ಡಿಕ್ಕಿಯಾಗಿ ಸತ್ತ. ವಯಸ್ಸು 24. ಅವನೂ ಅವನಪ್ಪನೂ ಮಾಡಿದ ಸಿನಿಮಾಕ್ಕೆ ಆಸ್ಕರ್ ಬಂತು, ಸೆರೆಂಗೆಟಿ ಹೆಸರು ಜಗತ್ತಿಗೆಲ್ಲ ಗೊತ್ತಾಯ್ತು. ಅವನ ಕತೆ ಓದಿ ನಮಗೆ ಗಂಟಲು ಕಟ್ಟಿದ್ದು ನಿಜ. ಮಸಾಯಿಗಳ ವಿಷಯ ಓದುವಾಗ ಹಾಗೆ ಆಗಲಿಲ್ಲ ಅನ್ನೋದೂ ನಿಜ. ನೋಡೋಕೆ ಅವರದೊಂದು ಮುಖವೂ ನಮ್ಮ ಸ್ಕ್ರೀನಲ್ಲಿ ಇರಲಿಲ್ಲ.

ಹಳೇ ಕತೆ ಅಂತ ಬಿಡೋಕೂ ಆಗಲ್ಲ. 2022ರ ಜೂನ್‌ನಲ್ಲಿ ಪಾರ್ಕಿನ ಪೂರ್ವಕ್ಕಿರುವ ಲೋಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಜಾಗಕ್ಕೆ ಗಡಿ ಕಲ್ಲು ನೆಡಲು ಹೋದಾಗ ಪೊಲೀಸರಿಗೂ ಮಸಾಯಿಗಳಿಗೂ ಘರ್ಷಣೆಯಾಗಿ ಒಬ್ಬ ಪೊಲೀಸ್ ಸತ್ತ, ಎಷ್ಟೋ ಮಸಾಯಿಗಳಿಗೆ ಗಾಯವಾಯ್ತು.

ಆ ಹೆದ್ದಾರಿ ಹೋಗಬೇಕಿದ್ದದ್ದು ಇದೇ ಲೋಲಿಯೊಂಡೊ ಕಡೆಗೆ! ಆಸ್ಪತ್ರೆಗೆ, ಸಂತೆಗೆ ರಸ್ತೆ ಬೇಡ್ವಾ ಅವರಿಗೆ ಅಂತ ನಮ್ಮ ಸಿವಿಲ್ ಗೆಳೆಯ ಎದ್ದು ನಿಂತ. ಪಾರ್ಕಿನೊಳಗಿನ ಭಾಗಕ್ಕೆ ಟಾರು ಹಾಕಲ್ಲ ಅಂತ ಸರ್ಕಾರ 2011ರಲ್ಲೇ ಹೇಳಿದೆ ಮಾರಾಯ, 2014ರಲ್ಲಿ ಪೂರ್ವ ಆಫ್ರಿಕಾ ನ್ಯಾಯಾಲಯ ಕೂಡ ಟಾರು ರಸ್ತೆ ಬೇಡ ಅಂದಿದೆ ಅಂತ ಇನ್ನೊಬ್ಬ. "ದಕ್ಷಿಣದಿಂದ ಸುತ್ತಿಕೊಂಡು ಹಾಕಲಿ." "ದುಡ್ಡು ನಿಮ್ಮಪ್ಪ ಕೊಡ್ತಾರಾ?" ರಾತ್ರಿ ಎರಡೂವರೆಗೆ ಪಕ್ಕದ ರೂಮಿನವರು ಗೋಡೆ ಬಡಿದರು.

ಸೆಮಿನಾರ್ ಮುಗಿಯಿತು, ಮಾರ್ಕ್ಸ್ ಪರವಾಗಿಲ್ಲ. ಆ ಡ್ರಾಯಿಂಗ್ ಶೀಟ್ ಇನ್ನೂ ನಮ್ಮ ಬೀರುವಿನ ಬಾಗಿಲ ಮೇಲಿದೆ. ದಕ್ಷಿಣದ ಸುತ್ತು ರಸ್ತೆ ಪೆನ್ನಲ್ಲಿದೆ. ಉತ್ತರದ್ದು ಪೆನ್ಸಿಲ್‌ನಲ್ಲಿ, ಎರಡು ಕಡೆಯಿಂದಲೂ ಪಾರ್ಕಿನ ಗಡಿವರೆಗೆ ಬಂದು ನಿಂತಿದೆ. ಒಬ್ಬ ಅದನ್ನ ಸೇರಿಸ್ತಾನೆ, ಇನ್ನೊಬ್ಬ ಬೆಳಿಗ್ಗೆ ಎದ್ದು ಅಳಿಸ್ತಾನೆ. ಆ ಜಾಗದಲ್ಲಿ ಪೇಪರ್ ತೆಳ್ಳಗಾಗಿದೆ.